ಚಕ್ರಗರಗಸವೂ ನಮ್ಮ ಚಿಕ್ಕಪ್ಪನ ಎರಡು ಬೆರಳುಗಳೂ

ನಿವೃತ್ತನಾದ ಮೇಲೆ ನಾನು ಮರಗೆಲಸಕ್ಕೆ ಕೈ ಹಚ್ಚಿರುವ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಕೆಲವರ ಮನೆಗಳಲ್ಲಿ ನಾನು ಮಾಡಿಕೊಟ್ಟ ವ್ಯಾಸಪೀಠಗಳಿವೆ. ಅವು ತುಸು ಅಲುಗಾಡುತ್ತವೆ ಎಂಬ ದೂರೂ ನನ್ನ ಕಿವಿಗೆ ಬಿದ್ದಿದೆ. ಮೂವತ್ತಾರು ವರ್ಷ ಸಮಾಜ ವಿಜ್ಞಾನ ಬೋಧಿಸಿದ ಕೈಗೆ ಉಳಿ, ಕೊಡತಿ, ಹತ್ತರಿಗಳು ಒಗ್ಗುವುದಕ್ಕೆ ಸ್ವಲ್ಪ ಕಾಲ ಬೇಕಾಗುತ್ತದೆ ಎಂದು ಸಮಾಧಾನ ಹೇಳಿಕೊಂಡಿದ್ದೇನೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಪೀಣ್ಯದ ಎರಡನೇ ಹಂತದಲ್ಲಿ ಅವನದೊಂದು ಉದ್ದಿಮೆಯಿದೆ. ಮುಂಭಾಗದಲ್ಲಿ ಮರಗೆಲಸದ ಯಂತ್ರಗಳ ಅಂಗಡಿ, ಹಿಂಭಾಗದಲ್ಲಿ ಅಡುಗೆಮನೆಯ ಕಪಾಟುಗಳನ್ನು ತಯಾರಿಸುವ ಶೆಡ್ಡು. "ಸಾರ್, ಅಂಗಡೀಲಿ ತೋರಿಸೋದಕ್ಕೆ ಅಂತ ಇಟ್ಟಿದ್ದ ಒಂದು ಟೇಬಲ್ ಸಾ ಇದೆ. ಹತ್ತಿಂಚಿನ ಬ್ಲೇಡು. ನಲವತ್ತೆಂಟು ಸಾವಿರದ್ದು. ನಿಮಗಾದರೆ ಇಪ್ಪತ್ತೊಂಬತ್ತೂವರೆಗೆ ಕೊಡ್ತೀನಿ. ಕೈಗರಗಸದಲ್ಲಿ ಎಷ್ಟು ದಿನ ಅಂತ ಕಷ್ಟಪಡ್ತೀರಿ?" ಎಂದನು. ಗುರುಗಳ ಮೇಲಿನ ಅವನ ವಿಶ್ವಾಸಕ್ಕೆ ಮನಸ್ಸು ತುಂಬಿತು. ಹದಿನೆಂಟೂವರೆ ಸಾವಿರ ರೂಪಾಯಿಗಳ ರಿಯಾಯಿತಿಗೆ ಮನಸ್ಸು ಇನ್ನೂ ಸ್ವಲ್ಪ ಹೆಚ್ಚಾಗಿ ತುಂಬಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮರುದಿನವೇ ಮೆಟ್ರೊ ಹತ್ತಿ ಹೋದೆ. ಯಂತ್ರ ಸೊಗಸಾಗಿಯೇ ಇತ್ತು. ನೋಡದವರಿಗಾಗಿ ಹೇಳುತ್ತೇನೆ: ಒಂದು ಲೋಹದ ಮೇಜು, ಅದರ ನಡುವಿನ ಸೀಳಿನಿಂದ ಮೇಲಕ್ಕೆ ಅರ್ಧ ತಲೆಯೆತ್ತಿ ತಿರುಗುವ ದುಂಡನೆಯ ಹಲ್ಲಿನ ಅಲಗು, ಅದರ ಪಕ್ಕದಲ್ಲಿ ಅಳತೆಗೆ ಸರಿಸಿ ನಿಲ್ಲಿಸುವ ಒಂದು ನೇರ ಪಟ್ಟಿ. ಹಲಗೆಯನ್ನು ಆ ಪಟ್ಟಿಗೆ ಒತ್ತಿ ಮುಂದಕ್ಕೆ ತಳ್ಳಿದರೆ, ಕೈಗರಗಸದಲ್ಲಿ ಅರ್ಧ ಗಂಟೆ ಹಿಡಿಯುವ ಸೀಳು ಅರ್ಧ ನಿಮಿಷದಲ್ಲಿ ನೂಲು ಹಿಡಿದಂತೆ ಮುಗಿಯುತ್ತದೆ. ಆದರೆ ಅಲಗಿನ ಮೇಲೆ ಇರಬೇಕಾದ ರಕ್ಷಾಕವಚವೂ, ಅಲಗಿನ ಹಿಂದೆ ನಿಲ್ಲಬೇಕಾದ ರಿವಿಂಗ್ ನೈಫ್ ಎಂಬ ತೆಳ್ಳನೆಯ ಉಕ್ಕಿನ ಫಲಕವೂ ಕಾಣಲಿಲ್ಲ. ವಿಚಾರಿಸಿದೆ. "ಎಲ್ಲೋ ಕಳೆದುಹೋಗಿದೆ ಸಾರ್, ಅದಕ್ಕೇ ಈ ರೇಟು. ಅದನ್ನ ಯಾರೂ ಹಾಕೋದೂ ಇಲ್ಲ ಬಿಡಿ. ಹಾಕಿದ್ರೆ ಕೆಲಸ ಸಾಗಲ್ಲ" ಎಂದು ನಕ್ಕನು.

ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಕೇಳಿದ್ದು ನಮ್ಮ ಚಿಕ್ಕಪ್ಪನ ಬಾಯಿಂದ. ಯೋಚಿಸಿ ಹೇಳುತ್ತೇನೆಂದು ತಿಳಿಸಿ ಮನೆಗೆ ಬಂದೆ. ಆ ಯೋಚನೆಯ ಫಲವೇ ಈ ಲೇಖನ. ಇದು ನನ್ನ ವಿದ್ಯಾರ್ಥಿಗಳಿಗೂ ನನ್ನ ಬಂಧುಗಳಿಗೂ ನಾನು ಬಹುಕಾಲದಿಂದ ಸಲ್ಲಿಸಬೇಕಾಗಿದ್ದ ಒಂದು ತಪ್ಪೊಪ್ಪಿಗೆಯೂ ಆಗಿದೆ. ಆದರೆ ಇತಿಹಾಸದ ಮೇಷ್ಟರಿಗೆ ಹಿನ್ನೆಲೆ ಹೇಳದೆ ವಿಷಯಕ್ಕೆ ಬರುವ ಅಭ್ಯಾಸವಿಲ್ಲ. ನೀವು ಸಹಿಸಿಕೊಳ್ಳಬೇಕು.

* * *

ನಮ್ಮ ಬಡಗಿಗಳ ಸಾಂಪ್ರದಾಯಿಕ ಗರಗಸ ತಳ್ಳುವಾಗಲ್ಲ, ಎಳೆಯುವಾಗ ಕೊಯ್ಯುತ್ತಿತ್ತು. ಅದರ ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರುತ್ತಿದ್ದವು. ಆಚಾರಿ ನೆಲದ ಮೇಲೆ ಕುಳಿತು, ಮರದ ತುಂಡನ್ನು ಪಾದಗಳಿಂದ ಅದುಮಿ ಹಿಡಿದು, ಗರಗಸವನ್ನು ತನ್ನೆಡೆಗೆ ಎಳೆದುಕೊಳ್ಳುತ್ತಿದ್ದನು. ದೊಡ್ಡ ದಿಮ್ಮಿಯಾದರೆ ಇಬ್ಬರು ಬೇಕು: ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಇಲ್ಲವೇ ಗುಂಡಿಯ ಮೇಲೆ ಅಡ್ಡಲಾಗಿರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದನೆಯ ಗರಗಸವನ್ನು ಎಳೆದಾಡುತ್ತಿದ್ದರು. ಕೆಳಗಿನವನ ಕಣ್ಣು, ಮೂಗು, ತಲೆಯೆಲ್ಲ ಹೊಟ್ಟು. ಕಷ್ಟದ ಕೆಲಸ, ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಗುಣವಿತ್ತು. ಕೈ ನಿಂತರೆ ಗರಗಸವೂ ನಿಲ್ಲುತ್ತಿತ್ತು.

ಕೈ ನಿಂತರೂ ನಿಲ್ಲದ ಗರಗಸ ಎಲ್ಲಿಂದ ಬಂದಿತು? ಅಮೆರಿಕದ ಶೇಕರ್ ಪಂಥದ ಟಾಬಿತಾ ಬ್ಯಾಬಿಟ್ ಎಂಬ ಮಹಿಳೆ 1813ರ ಸುಮಾರಿಗೆ ನೂಲುವ ರಾಟೆಯನ್ನು ನೋಡಿ ಚಕ್ರಗರಗಸವನ್ನು ಕಲ್ಪಿಸಿಕೊಂಡಳೆಂಬ ಸುಂದರವಾದ ಕಥೆಯೊಂದು ಅಂತರ್ಜಾಲದಲ್ಲಿ ಎಲ್ಲೆಡೆ ಕಾಣಸಿಗುತ್ತದೆ. ಆದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬವನು 1777ರಲ್ಲಿಯೇ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಪ್ರಸ್ತಾಪವಿದೆ. ಕಥೆ ಸುಂದರವಾಗಿದೆ ಎಂಬ ಕಾರಣಕ್ಕೆ ಅದು ನಿಜವಾಗುವುದಿಲ್ಲ ಎಂದು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಕರಿಹಲಗೆಯ ಮೇಲೆ ಬರೆಸುತ್ತಿದ್ದುದು ನಿಮಗೆ ನೆನಪಿರಬಹುದು. ಈ ಮಾತನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ಅದು ನನ್ನ ಮೇಲೆಯೇ ತಿರುಗಿ ಬರಲಿದೆ.

ಚಕ್ರಗರಗಸವನ್ನು ಬೆಳೆಸಿದ್ದು ಯುದ್ಧನೌಕೆಗಳು. ಹಾಯಿಗಳನ್ನು ಏರಿಸಿ ಇಳಿಸಲು ಬೇಕಾದ ಮರದ ರಾಟೆಗಳು ಒಂದು ದೊಡ್ಡ ಯುದ್ಧನೌಕೆಗೆ ಸುಮಾರು ಸಾವಿರ ಬೇಕಾಗುತ್ತಿದ್ದವು. ಸೌತಾಂಪ್ಟನ್ನಿನ ವಾಲ್ಟರ್ ಟೇಲರ್ ಅವನ್ನು ಮಾಡಲು ಚಕ್ರಗರಗಸಗಳನ್ನು ಬಳಸಿದನು. 1800ರ ನಂತರದ ಕೆಲವೇ ವರ್ಷಗಳಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿದ ಯಂತ್ರಗಳು ಸ್ಥಾಪನೆಯಾದವು. ಅಲ್ಲಿ 110 ಮಂದಿ ನುರಿತ ಕಸುಬುದಾರರ ಕೆಲಸವನ್ನು ನುರಿತವರಲ್ಲದ 10 ಮಂದಿ ಮಾಡಿ ಮುಗಿಸುತ್ತಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಈ ಒಂದು ವಾಕ್ಯದಲ್ಲಿ ಕೈಗಾರಿಕಾ ಕ್ರಾಂತಿಯ ಸಾರವೇ ಅಡಗಿದೆ. ಕೌಶಲ ಕೈಯಿಂದ ಯಂತ್ರಕ್ಕೆ ಹೋಯಿತು, ಕೈಗೆ ಉಳಿದದ್ದು ತಳ್ಳುವ ಕೆಲಸ. ತಳ್ಳುವ ಕೈ ಯಾರದಾದರೂ ಆಗಬಹುದು, ಒಂದು ಕೈ ಹೋದರೆ ಇನ್ನೊಂದು ಬರುತ್ತದೆ.

ನಮ್ಮ ನಾಡಿಗೆ ಈ ಯಂತ್ರದ ಅಗತ್ಯವನ್ನು ತಂದ ಸಂಗತಿಗಳಲ್ಲಿ ಒಂದು ಹೆಂಚು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಾಡಹೆಂಚು ಹೊದಿಸಲು ಅಂಕುಡೊಂಕು ಗಳುಗಳಿದ್ದರೂ ಸಾಗುತ್ತದೆ. ಮಂಗಳೂರು ಹೆಂಚಾದರೋ ಒಂದೇ ಅಚ್ಚಿನದು. ಅದನ್ನು ಕೂರಿಸಲು ಒಂದೇ ಅಳತೆಯ ನೇರವಾದ ರೀಪು ಪಟ್ಟಿಗಳು ಸಾಲುಸಾಲಾಗಿ ಬೇಕು. ಅಂತಹ ಪಟ್ಟಿಗಳನ್ನು ಸೀಳುವುದರಲ್ಲಿ ಚಕ್ರಗರಗಸಕ್ಕೆ ಸಮನಾದುದಿಲ್ಲ.

ಆಮೇಲೆ ವಿದ್ಯುತ್ತು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳಿಗೂ ವಿದ್ಯುತ್ತು ಹರಿದುದನ್ನು ನೀವೆಲ್ಲ ನನ್ನಲ್ಲಿ ಉರುಹೊಡೆದವರೇ. ಮೋಟಾರು ಬಂದ ಬಳಿಕ ಗರಗಸಕ್ಕೆ ನದಿಯೂ ಬೇಕಾಗಲಿಲ್ಲ, ಉಗಿಯ ಬಾಯ್ಲರೂ ಬೇಕಾಗಲಿಲ್ಲ. ಊರ ನಡುವೆ ಒಂದು ತಗಡಿನ ಚಾವಣಿ, ಒಂದು ಮೋಟಾರು, ಒಂದು ಬೆಲ್ಟು ಇದ್ದರೆ ಅದು ಸಾಮಿಲ್ಲು. ಬೆಂಗಳೂರಿನ ಮೈಸೂರು ರಸ್ತೆಯ ಕಡೆಗೆ ಮರದ ಅಡ್ಡೆಗಳೂ ಸಾಮಿಲ್ಲುಗಳೂ ಒತ್ತೊತ್ತಾಗಿ ಬೆಳೆದವು. ಇಂದಿಗೂ ಆ ಭಾಗದ ಒಂದು ಬಡಾವಣೆಯ ಹೆಸರಿನಲ್ಲಿ ಟಿಂಬರ್ ಯಾರ್ಡ್ ಉಳಿದುಕೊಂಡಿದೆ.

ಅತ್ತ ತುಮಕೂರು ರಸ್ತೆಯ ಕಡೆ ಬೇರೊಂದು ಲೋಕ ಕಣ್ತೆರೆಯುತ್ತಿತ್ತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂದಿತು, ಯಂತ್ರಗಳನ್ನು ತಯಾರಿಸುವ ಯಂತ್ರಗಳು ಅಲ್ಲಿ ತಯಾರಾದವು. 1962ರಲ್ಲಿ ಪ್ಲೈವುಡ್ ಉದ್ಯಮಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಆರಂಭವಾಗಿ ತುಮಕೂರು ರಸ್ತೆಯಲ್ಲಿ ನೆಲೆಯೂರಿತು. 1970ರ ದಶಕದ ಕೊನೆಯ ಹೊತ್ತಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಮೈದಳೆದಿತ್ತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಡು ಕಡಿಯುವುದರ ಮೇಲೂ ಪರವಾನಗಿಯಿಲ್ಲದ ಸಾಮಿಲ್ಲುಗಳ ಮೇಲೂ ಕಟ್ಟುನಿಟ್ಟಿನ ಆದೇಶಗಳನ್ನು ಹೊರಡಿಸಿತು. ಮನೆಗಳಲ್ಲಿ ತೇಗ, ಹೊನ್ನೆ, ಬೀಟೆಗಳ ಜಾಗಕ್ಕೆ ಪ್ಲೈವುಡ್ಡಿನ ಹಾಳೆಗಳು ಬಂದವು. ಹಾಳೆಯನ್ನು ಕೊಯ್ಯುವುದಕ್ಕೂ ಚಕ್ರಗರಗಸವೇ ಬೇಕು. ಹಾಗಾಗಿ ಹಿಂದೆ ಕೆಲವೇ ಸಾಮಿಲ್ಲುಗಳಲ್ಲಿದ್ದ ಗರಗಸ ಈಗ ಬೀದಿಬೀದಿಯ ಸಣ್ಣ ಶೆಡ್ಡುಗಳಲ್ಲಿ ತಿರುಗುತ್ತಿದೆ. ನನ್ನಂತಹ ಹವ್ಯಾಸಿಯ ಮನೆಯ ಬಾಗಿಲಿಗೂ ರಿಯಾಯಿತಿ ದರದಲ್ಲಿ ಬಂದು ನಿಂತಿದೆ.

* * *

ಈಗ ಸ್ವಲ್ಪ ಲೆಕ್ಕ. ಹತ್ತಿಂಚಿನ ಅಲಗಿನ ಸುತ್ತಳತೆ ಸುಮಾರು 80 ಸೆಂಟಿಮೀಟರು. ಅದು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಅಲಗಿನಲ್ಲಿ 40 ಹಲ್ಲುಗಳಿದ್ದರೆ ಒಂದು ಸೆಕೆಂಡಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಹಲ್ಲುಗಳು ಒಂದೇ ಬಿಂದುವನ್ನು ಹಾದುಹೋಗುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಬೆರಳನ್ನು ಹಿಂದಕ್ಕೆಳೆದುಕೊಳ್ಳುವ ಮಾತೇ ಇಲ್ಲ.

ಹೆಚ್ಚಿನವರು ಭಾವಿಸುವಂತೆ ಅಪಘಾತ ಯಾವಾಗಲೂ ಬೆರಳು ತಾನಾಗಿ ಅಲಗಿಗೆ ಹೋಗುವುದರಿಂದ ಆಗುವುದಿಲ್ಲ. ಮರದೊಳಗೆ ಬಿಗುವಿರುತ್ತದೆ. ಸೀಳುತ್ತಿರುವಂತೆಯೇ ಎರಡು ಹೋಳುಗಳೂ ಒಂದನ್ನೊಂದು ಸಮೀಪಿಸಿ ಅಲಗನ್ನು ಹಿಂಬದಿಯಲ್ಲಿ ಕಚ್ಚಿಕೊಳ್ಳುವುದುಂಟು. ಅಲಗಿನ ಹಿಂಬದಿಯ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತಿರುತ್ತವೆ. ಕಚ್ಚಿಕೊಂಡ ಹಲಗೆಯನ್ನು ಅವು ಎತ್ತಿ, ತಳ್ಳುತ್ತಿರುವವನ ಮೇಲೆಯೇ ಬೀಸಿ ಎಸೆಯುತ್ತವೆ. ಹಲಗೆಯನ್ನು ಆನಿಸಿಕೊಂಡಿದ್ದ ಕೈ ಆಸರೆ ತಪ್ಪಿ ಅಲಗಿನ ಮೇಲೆ ಬೀಳುತ್ತದೆ. ಅಲಗಿನ ಹಿಂದೆ ನಿಂತು ಆ ಸೀಳು ಮುಚ್ಚಿಕೊಳ್ಳದಂತೆ ತಡೆಯುವುದೇ ರಿವಿಂಗ್ ನೈಫಿನ ಕೆಲಸ. ಬ್ರಿಟನ್ನಿನಲ್ಲಿ 1922ರ ಮರಗೆಲಸದ ಯಂತ್ರಗಳ ನಿಯಮಗಳಲ್ಲಿಯೇ ಈ ಫಲಕವನ್ನೂ ಕವಚವನ್ನೂ ಕಡ್ಡಾಯ ಮಾಡಿದ್ದರು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಮು ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ವಿಧಿಸಿತು. ಆದರೆ ವಿದ್ಯುತ್ತು ಬಳಸುವ ಸ್ಥಳದಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಎಂಟು ಜನರ ಸಾಮಿಲ್ಲಿನಲ್ಲಿ ಗರಗಸ ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೂ ಕಾನೂನಿನ ಕಣ್ಣು ಅಲ್ಲಿಯವರೆಗೆ ತಲುಪುತ್ತಿರಲಿಲ್ಲ.

ಬೆರಳು ಉಳಿಸುವ ಕಾನೂನು ಒಂದಾದರೆ, ಹೋದ ಬೆರಳಿಗೆ ಬೆಲೆ ಕಟ್ಟುವ ಕಾನೂನು ಇನ್ನೊಂದು. ಅದು 1923ರ ಕಾರ್ಮಿಕರ ಪರಿಹಾರ ಕಾಯಿದೆಯಾಗಿತ್ತು. ಅದರ ಮೊದಲನೆಯ ಪರಿಶಿಷ್ಟವನ್ನು 1962ರಲ್ಲಿ ತಿದ್ದಲಾಯಿತು. ಯಾವ ಅಂಗ ಹೋದರೆ ಮನುಷ್ಯನ ಸಂಪಾದನೆಯ ಶಕ್ತಿ ಶೇಕಡಾ ಎಷ್ಟು ಹೋದಂತೆ ಎಂಬ ಪಟ್ಟಿ ಅದು. ಹೆಬ್ಬೆರಳು 30. ತೋರುಬೆರಳು ಪೂರ್ತಿ ಹೋದರೆ 14. ನಡುಬೆರಳು 12. ಉಂಗುರದ ಬೆರಳು ಅಥವಾ ಕಿರುಬೆರಳು 7. ಒಂದು ಕೈಯ ಎರಡು ಬೆರಳುಗಳು ಒಟ್ಟಿಗೆ ಹೋದರೆ 20. ಮೂರು ಹೋದರೆ 30, ನಾಲ್ಕು ಹೋದರೆ 50. ಮೊದಲ ಬಾರಿ ಓದಿದಾಗ ಕಟುಕರ ಅಂಗಡಿಯ ದರಪಟ್ಟಿಯಂತೆ ಕಂಡಿತು. ಎರಡನೆಯ ಬಾರಿ ಓದಿದಾಗ, ಈ ಪಟ್ಟಿಯೂ ಇಲ್ಲದಿದ್ದ ಕಾಲದಲ್ಲಿ ಏನೂ ಸಿಗುತ್ತಿರಲಿಲ್ಲವಲ್ಲ ಎನಿಸಿತು.

* * *

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ.

ನಮ್ಮ ತಂದೆಯವರ ಕಿರಿಯ ತಮ್ಮ 1962ರಲ್ಲಿ ಊರು ಬಿಟ್ಟು ಬೆಂಗಳೂರಿಗೆ ಬಂದು ಒಂದು ಸಾಮಿಲ್ಲು ಸೇರಿದ್ದು ಬಂಧುಗಳಿಗೆ ಗೊತ್ತಿದೆ. 1967ರ ಯುಗಾದಿಯ ಹಿಂದಿನ ವಾರ ಎಡಗೈಗೆ ದೊಡ್ಡ ಬ್ಯಾಂಡೇಜು ಸುತ್ತಿಕೊಂಡು ಬಸ್ಸಿನಿಂದಿಳಿದ ಅವರನ್ನು ನಾನು ಕಣ್ಣಾರೆ ಕಂಡೆ. ಆಗ ನನಗೆ ಒಂಬತ್ತು ವರ್ಷ. ನಡುಬೆರಳೂ ಉಂಗುರದ ಬೆರಳೂ ಬುಡದವರೆಗೆ ಹೋಗಿದ್ದವು. ಹಿಂದಿನ ದಿನವೇ ಸಾಮಿಲ್ಲಿನ ರೈಟರು ನಮ್ಮ ಮನೆಗೆ ಬಂದು, ತಾತನ ಕೈಯಲ್ಲಿ ಅರವತ್ತು ರೂಪಾಯಿಗಳನ್ನಿಟ್ಟು, "ಹುಡುಗ ಕುಡಿದು ಮೈಮರೆತು ಕೈ ಕೊಟ್ಟುಬಿಟ್ಟ. ಆದರೂ ನಮ್ಮ ಯಜಮಾನರು ದೊಡ್ಡ ಮನಸ್ಸು ಮಾಡಿ ಇಷ್ಟು ಕಳಿಸಿದಾರೆ" ಎಂದು ಹೇಳಿ ಹೋಗಿದ್ದರು. ಬಿಳಿ ಷರಟು, ಕನ್ನಡಕ, ಜೇಬಿನಲ್ಲಿ ಪೆನ್ನು. ಅಂತಹವರು ಸುಳ್ಳು ಹೇಳುವರೆಂದು ತಾತನಿಗೆ ತೋಚುವುದೂ ಸಾಧ್ಯವಿರಲಿಲ್ಲ. ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಕೊಟ್ಟರು. ಅದರಲ್ಲಿ ಏನು ಬರೆದಿತ್ತೋ, ನಮ್ಮ ಮನೆಯಲ್ಲಿ ಆಗ ಓದಬಲ್ಲವನು ನಾನೊಬ್ಬನೇ. ನಾನು ಶಾಲೆಯಲ್ಲಿದ್ದೆ.

ಆ ಮಾತು ಊರಲ್ಲೆಲ್ಲ ಹರಡಿತು. ನಿಶ್ಚಯವಾಗಿದ್ದ ಅವರ ಮದುವೆ ಮುರಿದುಬಿತ್ತು. ಮತ್ತೆ ಅವರು ಮದುವೆಯಾಗಲೇ ಇಲ್ಲ. ಮೂರು ಬೆರಳಿನವರು ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ನಾವು ಮಕ್ಕಳು ಅವರು ಮಾಡಿಕೊಟ್ಟ ಬುಗುರಿಗಳನ್ನು ಆಡುತ್ತಲೇ ಅವರ ಬೆನ್ನ ಹಿಂದೆ ಆ ಹೆಸರು ಹೇಳಿ ನಗುತ್ತಿದ್ದೆವು. ಇಂದು ನನ್ನ ಮನೆಯಲ್ಲಿ ನಾನು ಕುಳಿತು ಊಟ ಮಾಡುವ ಮಣೆಯೂ ಅವರು ಆ ಕೈಯಲ್ಲೇ ಮಾಡಿದ್ದು. ಅದು ಅಲುಗಾಡುವುದಿಲ್ಲ.

ಇಷ್ಟೇ ಆಗಿದ್ದರೆ ಮಕ್ಕಳಾಟ ಎನ್ನಬಹುದಿತ್ತು. 1986ರ ಗಾಂಧಿ ಜಯಂತಿಯಂದು ಶಾಲೆಯಲ್ಲಿ ಪಾನನಿರೋಧದ ಕುರಿತು ನಾನು ಭಾಷಣ ಮಾಡಿದೆ. ಆ ವರ್ಷದ ಹತ್ತನೇ ತರಗತಿಯವರಿಗೆ ನೆನಪಿರಬಹುದು. "ನನ್ನ ಸಂಬಂಧಿಕರೊಬ್ಬರು ಕುಡಿದು ಯಂತ್ರದ ಮುಂದೆ ನಿಂತು ಎರಡು ಬೆರಳು ಕಳೆದುಕೊಂಡರು" ಎಂದು ಉದಾಹರಣೆ ಕೊಟ್ಟೆ. ಚಪ್ಪಾಳೆ ಬಿತ್ತು. ಪ್ರಮಾಣಿಸಿ ನೋಡು ಎಂದು ನಿಮಗೆ ಬೋಧಿಸುತ್ತಿದ್ದ ಮೇಷ್ಟರು ಅಂದು ಪ್ರಮಾಣಿಸಿ ನೋಡಿರಲಿಲ್ಲ.

1991ರಲ್ಲಿ ಚಿಕ್ಕಪ್ಪ ಒಂದು ಮದುವೆಗೆಂದು ಬಂದು ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಉಳಿದಿದ್ದರು. ಬಾಗಿಲಿಗೆ ಹಲಗೆ ತರಬೇಕಾಗಿತ್ತು, ಮರ ಆರಿಸಲು ಅವರನ್ನೇ ಕರೆದುಕೊಂಡು ಒಂದು ಸಾಮಿಲ್ಲಿಗೆ ಹೋದೆ. ಅವರು ಒಳಗೆ ಬರಲಿಲ್ಲ. ಹೊರಗೆ ನಿಂತು ಒಳಗಿನ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿ ಮೊಳೆಗೆ ಸಿಕ್ಕಿಸಿದ್ದ, ಧೂಳು ಹಿಡಿದ ಒಂದು ಕಬ್ಬಿಣದ ಕವಚವಿತ್ತು. "ಇಲ್ಲೂ ಗೋಡೇಲೇ ಇದೆಯಲ್ಲಪ್ಪಾ" ಎಂದರು. ಆಮೇಲೆ ತಾವಾಗಿಯೇ ಹೇಳಿದರು. ಅವರ ಸಾಮಿಲ್ಲಿನಲ್ಲಿಯೂ ಅಪಘಾತಕ್ಕೆ ಒಂದು ವರ್ಷ ಮೊದಲೇ ಕವಚ ಗೋಡೆ ಸೇರಿತ್ತಂತೆ. "ಅದನ್ನ ಹಾಕಿದ್ರೆ ಕೆಲಸ ಸಾಗಲ್ಲ ಅಂತ ರೈಟರೇ ಬಿಚ್ಚಿಸಿದ್ರು. ಬೆಳಗ್ಗೆ ಹನ್ನೊಂದು ಗಂಟೆ. ಹೊನ್ನೆ ಹಲಗೆ ಕಚ್ಚಿಕೊಂಡು ಎಗರಿತು. ನನ್ನ ಕೈಯಿ ಎಲ್ಲಿಗೆ ಹೋಯ್ತು ಅಂತ ನನಗೇ ತಿಳೀಲಿಲ್ಲ." ಕುಡಿತದ ವಿಷಯ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕುಡಿದವರು ಕುಡಿದೆನೆಂದು ಒಪ್ಪಿಕೊಳ್ಳುತ್ತಾರೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾದೆ. 1996ರಲ್ಲಿ ಅವರು ತೀರಿಕೊಂಡರು.

ಕಳೆದ ತಿಂಗಳು, ಪೀಣ್ಯದಿಂದ ಬಂದ ಮೇಲೆ, ಆ 1923ರ ಕಾಯಿದೆಯನ್ನು ಮೊದಲಿನಿಂದ ಓದಿದೆ. ಅದರ ಮೂರನೆಯ ಕಲಮಿನಲ್ಲಿ ಮಾಲೀಕನು ಪರಿಹಾರ ಕೊಡಬೇಕೆಂದಿತ್ತು. ಅದರ ಕೆಳಗೇ ಕೊಡಬೇಕಾಗಿಲ್ಲದ ಸಂದರ್ಭಗಳ ಪಟ್ಟಿಯೂ ಇತ್ತು. ಸಾವು ಸಂಭವಿಸದ ಅಪಘಾತದಲ್ಲಿ, ಕೆಲಸಗಾರನು ಆ ಸಮಯದಲ್ಲಿ ಮದ್ಯ ಅಥವಾ ಮಾದಕದ ಪ್ರಭಾವದಲ್ಲಿದ್ದು ಅದರಿಂದಲೇ ಗಾಯವಾಗಿದ್ದರೆ ಮಾಲೀಕನು ಹೊಣೆಯಾಗುತ್ತಿರಲಿಲ್ಲ. ಸುರಕ್ಷತೆಗೆಂದು ಒದಗಿಸಿದ ಕವಚವನ್ನು ಕೆಲಸಗಾರನೇ ಬೇಕೆಂದು ತೆಗೆದುಹಾಕಿದ್ದರೂ ಹೊಣೆಯಾಗುತ್ತಿರಲಿಲ್ಲ. ಆ ಸಾಲುಗಳನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಎರಡು ಬೆರಳಿಗೆ ಶೇಕಡಾ ಇಪ್ಪತ್ತು ಎಂಬ ಲೆಕ್ಕ ಆ ಒಂದು ಮಾತಿನಿಂದ ಸೊನ್ನೆಯಾಗುತ್ತಿತ್ತು. 'ಕುಡಿದಿದ್ದ' ಎಂಬುದು ಬರಿಯ ಬೈಗುಳವಾಗಿರಲಿಲ್ಲ, ಅದು ಕಾನೂನಿನ ಭಾಷೆಯಾಗಿತ್ತು.

ನನ್ನ ಬಳಿ ದಾಖಲೆಯಿಲ್ಲ. ಹೆಬ್ಬೆಟ್ಟಿನ ಆ ಕಾಗದ ಎಂದೋ ಇಲ್ಲವಾಗಿದೆ. ಆದರೆ ನಿಮಗೆ ಕಲಿಸಿದ ಪ್ರಶ್ನೆಗಳನ್ನೇ ಈಗ ಹಾಕಿ ನೋಡೋಣ. ಈ ಮಾತನ್ನು ಹೇಳಿದವರು ಯಾರು? ಕವಚವನ್ನು ಬಿಚ್ಚಿಸಿದವರೇ. ಅದರಿಂದ ಲಾಭ ಯಾರಿಗೆ? ಪರಿಹಾರ ಕೊಡಬೇಕಾಗಿದ್ದವರಿಗೆ. ಬೇರೆ ಸಾಕ್ಷಿಯುಂಟೆ? ಇಲ್ಲ. ಹೇಳಿಕೆಗೂ ಮನುಷ್ಯನ ನಡತೆಗೂ ಹೊಂದಿಕೆಯುಂಟೆ? ಅಪಘಾತದ ನಂತರ ಇಪ್ಪತ್ತೊಂಬತ್ತು ವರ್ಷ ಅವರು ನಮ್ಮ ಕಣ್ಣೆದುರಿಗೇ ಬದುಕಿದರು. ಹಬ್ಬದಲ್ಲಾಗಲಿ ಜಾತ್ರೆಯಲ್ಲಾಗಲಿ ಒಂದು ದಿನವಾದರೂ ಕುಡಿದದ್ದನ್ನು ನಮ್ಮ ಮನೆಯ ಯಾರೂ ಕಂಡಿಲ್ಲ. ಕಂಡವರಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ. ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿ ಇಂತಹ ಆಧಾರದ ಮೇಲೆ 'ಕುಡಿದಿದ್ದರು' ಎಂದು ಬರೆದಿದ್ದರೆ ನಾನು ಸೊನ್ನೆ ಅಂಕ ಕೊಡುತ್ತಿದ್ದೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಮಾಡದವರ ಪಾಪವನ್ನು ಆಡಿದ ಬಾಯಿ ನನ್ನದು.

* * *

ಇನ್ನು ಯಂತ್ರದ ವಿಚಾರ. ವೈಟ್‌ಫ಼ೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಮಗ ವಿಷಯ ತಿಳಿದು ಒಂದು ವಿಡಿಯೊ ಕಳಿಸಿದನು. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬ ಭೌತಶಾಸ್ತ್ರ ಓದಿದ ಪೇಟೆಂಟ್ ವಕೀಲರು 1999ರಲ್ಲಿ ರೂಪಿಸಿದ ಉಪಾಯ ಅದು. ಅಲಗಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮನುಷ್ಯನ ಚರ್ಮ ತಾಕಿದೊಡನೆ ಅದು ಬದಲಾಗಿ, ಅಲ್ಯೂಮಿನಿಯಮ್ಮಿನ ಒಂದು ತುಂಡು ಅಲಗಿಗೆ ನುಗ್ಗಿ, ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಅದನ್ನು ನಿಲ್ಲಿಸಿಬಿಡುತ್ತದೆ. ಅಲಗು ಹಾಳು, ಬೆರಳಿಗೆ ಗೀರು. ದೊಡ್ಡ ತಯಾರಕರು ಇದನ್ನು ಅಳವಡಿಸಿಕೊಳ್ಳಲು ಒಪ್ಪದೆ ಹೋದುದರಿಂದ ಅವರು ಸಾಸ್ಟಾಪ್ ಎಂಬ ಹೆಸರಿನಲ್ಲಿ ತಾವೇ ಯಂತ್ರ ತಯಾರಿಸಿ 2004ರಿಂದ ಮಾರತೊಡಗಿದರು. ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗದ ಅಂದಾಜಿನಂತೆ ಟೇಬಲ್ ಸಾ ಅಲಗಿಗೆ ಸಿಕ್ಕಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವವರು ಆ ಒಂದು ದೇಶದಲ್ಲೇ ವರ್ಷಕ್ಕೆ ಸುಮಾರು 30,000 ಮಂದಿ. "ತಗೊಳ್ಳೋದಾದ್ರೆ ಇಂಥದ್ದು ತಗೊಳ್ಳಿ ಅಪ್ಪಾ" ಎಂದನು. ಅದರ ಬೆಲೆ ಕೇಳಿದ ಮೇಲೆ ನನ್ನ ಪಿಂಚಣಿ ಆ ಚರ್ಚೆಯನ್ನು ತಾನೇ ಮುಗಿಸಿತು.

ನನ್ನ ಹೆಂಡತಿ ಇನ್ನೂ ಸರಳವಾದ ಪ್ರಶ್ನೆ ಹಾಕಿದಳು. "ವರ್ಷಕ್ಕೆ ನೀವು ಕೊಯ್ಯೋ ಹಲಗೆ ಎಷ್ಟು, ಲೆಕ್ಕ ಹಾಕಿ." ಹಾಕಿದೆ. ಹಿಂದಿನ ವರ್ಷ ಹನ್ನೊಂದು ವ್ಯಾಸಪೀಠ, ನಾಲ್ಕು ಮಣೆ, ಮೊಮ್ಮಗಳಿಗೊಂದು ಆಟದ ಬಂಡಿ. ಇದಕ್ಕೆಲ್ಲ ಬೇಕಾದ ಸೀಳುವ ಕೆಲಸ ಯಂತ್ರದಲ್ಲಾದರೆ ಒಂದೂವರೆ ದಿನದ್ದು. ಒಂದೂವರೆ ದಿನಕ್ಕಾಗಿ ಕವಚವಿಲ್ಲದ ಅಲಗೊಂದನ್ನು, ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ, ಅರವತ್ತೇಳರ ನಡುಗುವ ಕೈಗೆ ಕೊಡಬೇಕೆ? ಬೇಡವೆಂದು ತೀರ್ಮಾನಿಸಿದೆ. ಹಲಗೆಗಳನ್ನು ಆ ವಿದ್ಯಾರ್ಥಿಯ ಶೆಡ್ಡಿನಲ್ಲಿಯೇ ಸೀಳಿಸಿಕೊಂಡು, ಉಳಿದುದನ್ನು ಕೈಯಲ್ಲಿ ಮಾಡುವುದೆಂದು ನಿಶ್ಚಯಿಸಿದೆ.

ಜಾಣತನದ ತೀರ್ಮಾನವೆಂದು ಬೆನ್ನು ತಟ್ಟಿಕೊಳ್ಳುತ್ತಾ ಹಲಗೆಗಳೊಂದಿಗೆ ಮತ್ತೆ ಪೀಣ್ಯಕ್ಕೆ ಹೋದೆ. ಶೆಡ್ಡಿನ ಒಳಗೆ ದೊಡ್ಡ ಗರಗಸದ ಮುಂದೆ ಉತ್ತರದ ಕಡೆಯ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬ ನಿಂತಿದ್ದ. ನನ್ನ ಹಲಗೆಯನ್ನು ಅವನ ಕೈಗೆ ಕೊಡಹೋದಾಗ ಕಣ್ಣು ತಾನಾಗಿ ಗೋಡೆಯ ಕಡೆಗೆ ಹೋಯಿತು. ಕವಚ ಅಲ್ಲಿತ್ತು. ನಾನು ಉಳಿಸಿಕೊಂಡದ್ದು ನನ್ನ ಬೆರಳನ್ನು ಮಾತ್ರ. ಅಪಾಯವನ್ನು ಇನ್ನೊಬ್ಬರ ಮಗನ ಕೈಗೆ ದಾಟಿಸಿ ಬಂದಿದ್ದೆ, ಅಷ್ಟೇ.

ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಚಿಕ್ಕಪ್ಪನ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದನು. ಗಾಂಧಿ ಜಯಂತಿಯ ನನ್ನ ಆ ಭಾಷಣವನ್ನು ಅವನ ಅಣ್ಣ ಕೇಳಿದ್ದನಂತೆ, ಮನೆಯಲ್ಲಿ ಹೇಳಿದ್ದನಂತೆ. ಆಮೇಲೆ ಅವನೇ ಏಣಿ ಹತ್ತಿ ಕವಚವನ್ನು ಇಳಿಸಿ, ಒರೆಸಿ, ಸ್ಪ್ಯಾನರು ತಂದು ಕೂರಿಸಿದನು. ರಿವಿಂಗ್ ನೈಫಿಗೂ ಡ್ರಾಯರಿನಲ್ಲಿ ಹುಡುಕಿದರು, ಸಿಕ್ಕಿತು. ನನ್ನ ಆರು ಹಲಗೆಗಳನ್ನು ಸೀಳುವುದಕ್ಕೆ ಎಂದಿಗಿಂತ ಹತ್ತು ನಿಮಿಷ ಹೆಚ್ಚು ಹಿಡಿಯಿತು. ಆ ಹುಡುಗ ಕೆಲಸ ಮುಗಿಸಿ, ಎರಡೂ ಕೈಗಳಿಂದ ಹೊಟ್ಟು ಕೊಡವಿ, ಹಲಗೆಗಳನ್ನು ಕಟ್ಟಿಕೊಟ್ಟನು.

ನಾನು ಮೆಟ್ರೊ ಹತ್ತಿದ ಮೇಲೆ ಆ ಕವಚ ಅಲ್ಲಿಯೇ ಉಳಿಯಿತೋ, ಮತ್ತೆ ಗೋಡೆಗೆ ಏರಿತೋ ನಾನರಿಯೆ. ಮುಂದಿನ ತಿಂಗಳು ಹೇಳದೆ ಕೇಳದೆ ಹೋಗಿ ನೋಡುವವನಿದ್ದೇನೆ. ಮೇಷ್ಟರ ಬುದ್ಧಿ.

ನನ್ನ ವಿದ್ಯಾರ್ಥಿಗಳಲ್ಲಿ ಪೀಣ್ಯ, ಬೊಮ್ಮಸಂದ್ರ, ವೈಟ್‌ಫ಼ೀಲ್ಡುಗಳಲ್ಲಿ ಸಣ್ಣಪುಟ್ಟ ಘಟಕಗಳನ್ನು ನಡೆಸುತ್ತಿರುವವರು ಹತ್ತಾರು ಮಂದಿ ಇದ್ದೀರಿ. ನಾಳೆ ಬೆಳಿಗ್ಗೆ ಒಳಗೆ ಹೋದೊಡನೆ ಒಮ್ಮೆ ಗೋಡೆಯ ಕಡೆಗೆ ನೋಡಿರಿ. ಇಷ್ಟೇ ನಾನು ಕೊಡುವ ಮನೆಗೆಲಸ.

ಬಂಧುಗಳಲ್ಲಿ ಒಂದು ಬಿನ್ನಹ. ಚಿಕ್ಕಪ್ಪನ ಮಾತು ಇನ್ನು ಮುಂದೆ ಮದುವೆ ಮನೆಯಲ್ಲೋ ತಿಥಿಯ ಊಟದಲ್ಲೋ ಬಂದರೆ, ಮಕ್ಕಳು ಅವರ ಕೈಗೆ ಏನಾಗಿತ್ತೆಂದು ಕೇಳಿದರೆ, ಕವಚವಿಲ್ಲದ ಗರಗಸಕ್ಕೆ ಸಿಕ್ಕಿ ಎರಡು ಬೆರಳು ಹೋದವೆಂದು ಹೇಳಿ. ಅವರು ಕುಡಿಯುತ್ತಿರಲಿಲ್ಲವೆಂದೂ ಹೇಳಿ. ಇದನ್ನು ಮೊದಲೇ ಹೇಳಬೇಕಾಗಿದ್ದವನು ನಾನು. ಮೂವತ್ತು ವರ್ಷಕ್ಕೂ ಮೀರಿ ತಡಮಾಡಿದೆ.